ಊಹೂಂ ಬಾರದ ಸುತಿ

ಭಾಗ್ಯನಗರದ ಹೊಳಿಯಪ್ಪನಿಗೆ ದೇವರು ಬಾಯಿ ಕೊಟ್ಟದ್ದು ಎರಡು ಕೆಲಸಕ್ಕೆ: ಊದುವುದಕ್ಕೆ ಮತ್ತು ಹೂಂ ಎನ್ನುವುದಕ್ಕೆ. ಎರಡೂ ಒಂದೇ ಕೆಲಸ ಎಂದು ಅವನ ಹೆಂಡತಿ ಮುದಕಮ್ಮ ಹೇಳುತ್ತಿದ್ದಳು. ಅವಳ ಮಾತಿಗೆ ಖಾರ ಸ್ವಲ್ಪ ಜಾಸ್ತಿಯೇ ಬೀಳುತ್ತಿತ್ತಾದರೂ ಈ ಒಂದು ಮಾತನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ಹೊಳಿಯಪ್ಪ ದೊಡ್ಡಬಸಪ್ಪನ ಸನಾದಿ ಮೇಳದಲ್ಲಿ ಸುತಿ ಹಿಡಿಯುವವನು. ಓದಿದವರು ಶ್ರುತಿ ಎನ್ನುತ್ತಾರಲ್ಲ, ಅದೇ ಇದು. ನೋಡಲು ಸನಾದಿಯೊಡನೆ ಹುಟ್ಟಿದ ಹಾಗಿರುತ್ತದೆ: ಕರಿ ಮರದ ಕೊಳವೆ, ತುದಿಗೆ ಹಿತ್ತಾಳೆಯ ಅಗಲ ಬಾಯಿ, ಊದುವ ಕಡೆ ತಾಳೆಗರಿಯ ಪೀಪಿ. ಆದರೆ ಸನಾದಿಗೆ ಬೆರಳಾಡಿಸಲು ಸಾಲಾಗಿ ತೂತುಗಳಿವೆ. ಸುತಿಯ ತೂತುಗಳಿಗೆ ಮೇಣ ಮೆತ್ತಿರುತ್ತಾರೆ. ಹಾಗಾಗಿ ಅದಕ್ಕೆ ಬರುವುದು ಒಂದೇ ಸ್ವರ. ಸನಾದಿ ಊರೆಲ್ಲ ಸುತ್ತಿ, ಗುಡ್ಡ ಹತ್ತಿ ಇಳಿದು, ತನಗೆ ಬೇಕಾದಾಗ ಮನೆಗೆ ಬರುತ್ತದೆ. ಅದು ಬರುವವರೆಗೂ ಸುತಿ ಬಾಗಿಲು ತೆರೆದುಕೊಂಡು ಕೂತಿರಬೇಕು. ಸುಮ್ಮನೆ ಕಿವಿಗೊಟ್ಟು ಕೇಳಿದರೆ ಆ ಒಂದು ಸ್ವರ "ಹೂಂ" ಎಂದೇ ಕೇಳಿಸುತ್ತದೆ. ಊದಲು ಹಿಡಿದಾಗಲೂ ಹೂಂ, ಬಿಡುವಾಗಲೂ ಹೂಂ. ಊಹೂಂ ಎನ್ನಲು ಅದಕ್ಕೆ ಬರುವುದಿಲ್ಲ.

ಹೊಳಿಯಪ್ಪನಿಗೂ ಬರುತ್ತಿರಲಿಲ್ಲ.

ಇದು ಚಿಕ್ಕಂದಿನಲ್ಲೇ ಅಂಟಿದ ಚಟ. ಅವನ ಅಜ್ಜಿ ಕಥೆ ಹೇಳುವವಳು. ಎದುರಿಗೆ ಕೂತವರು ಹೂಂಗುಟ್ಟದಿದ್ದರೆ ಅವಳ ಕಥೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಉಳಿದ ಮೊಮ್ಮಕ್ಕಳು ಅರ್ಧಕ್ಕೇ ಗೊರಕೆ ಹೊಡೆದರೆ ಹೊಳಿಯಪ್ಪ ಮಾತ್ರ ನಿದ್ದೆಯಲ್ಲೂ ಹೂಂಗುಟ್ಟುತ್ತಿದ್ದ. ಒಮ್ಮೆ ಅಜ್ಜಿಗೆ ಅನುಮಾನ ಬಂದು, "ಆಮ್ಯಾಲ ರಾಜ ಏನಂದಾ, ಹೊಳಿಯಪ್ಪನ ಪಾಲಿನ ಹೋಳಿಗಿ ಈ ಮುದುಕಿಗೆ ಕೊಡ್ರಿ ಅಂದ" ಎಂದಳು. "ಹೂಂ" ಎಂದ ಮೊಮ್ಮಗ. ಬೆಳಿಗ್ಗೆ ಎದ್ದು ಅತ್ತಾಗ ಅಜ್ಜಿ ಬಾಯಿ ಒರೆಸಿಕೊಳ್ಳುತ್ತಾ, "ನೀನ ಹೂಂ ಅಂದಿಯಲ್ಲೋ" ಎಂದಳು. ಈ ಸುದ್ದಿ ಪಕ್ಕದ ಮನೆಯ ದೊಡ್ಡಬಸಪ್ಪನಿಗೆ ಮುಟ್ಟಿತು. ಆಗಷ್ಟೇ ಮೀಸೆ ಚಿಗುರುತ್ತಿದ್ದ ದೊಡ್ಡಬಸಪ್ಪ ಹೊಸದಾಗಿ ಮೇಳ ಕಟ್ಟುತ್ತಿದ್ದ. ನಿದ್ದೆಯಲ್ಲೂ ಎಳೆ ಬಿಡದವನು ಸುತಿಗೆ ಹೇಳಿ ಮಾಡಿಸಿದವನು ಎಂದು ಅವನಿಗೆ ಹೊಳೆಯಿತು. "ಬರ್ತೀಯೇನಪಾ ನನ್ನ ಕೂಡ?" ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರವನ್ನು ಬರೆಯಬೇಕಾಗಿಲ್ಲ.

ಸುತಿ ಕಲಿಯಲು ಬೆರಳು ಬೇಡ, ಬುದ್ಧಿಯೂ ಅಷ್ಟಾಗಿ ಬೇಡ, ಕೆನ್ನೆ ಬೇಕು. ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಟ್ಟಲ ನೀರಿನಲ್ಲಿ ಅದ್ದಿ ಊದಬೇಕು. ನೀರಿನ ಗುಳ್ಳೆ ಒಂದು ಕ್ಷಣವೂ ನಿಲ್ಲಬಾರದು. ಎದೆಯ ಗಾಳಿ ಮುಗಿಯುವ ಮುಂಚೆ ಕೆನ್ನೆಯಲ್ಲಿ ಒಂದಿಷ್ಟು ಗಾಳಿ ಬಚ್ಚಿಟ್ಟು, ಅದನ್ನು ಹಿಂಡುತ್ತಾ ಮೂಗಿನಿಂದ ಹೊಸ ಗಾಳಿ ಕದಿಯಬೇಕು. ಹೊಳಿಯಪ್ಪ ಇದನ್ನು ಕಲಿತು ಪಳಗಿದ. ಆದರೆ ಗಾಳಿ ಕದಿಯುವಾಗ ಅವನ ತಲೆ ತಾನಾಗಿಯೇ ಒಮ್ಮೆ ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ದೂರದಿಂದ ನೋಡಿದವರಿಗೆ, ಯಾರೋ ಏನೋ ಕೇಳುತ್ತಿದ್ದಾರೆ, ಇವನು ಒಪ್ಪಿಕೊಳ್ಳುತ್ತಲೇ ಇದ್ದಾನೆ ಎನ್ನಿಸುತ್ತಿತ್ತು.

ಮೇಳದವರಿಗೆ ಒಂದು ಕಟ್ಟುನಿಟ್ಟಿತ್ತು. ಶಾಸ್ತ್ರ ನಡೆಯುವಾಗ ಸುತಿ ಕಡಿಯಬಾರದು. ಸುತಿ ಕಡಿದರೆ ಸಂಬಂಧ ಕಡಿಯುತ್ತದೆ ಎಂದು ಕೊಪ್ಪಳ ಸೀಮೆಯ ಬೀಗರೆಲ್ಲ ನಂಬಿದ್ದರು. ಹೊಳಿಯಪ್ಪ ಹಿಡಿದ ಸುತಿ ಅವನಿಗೆ ಬುದ್ಧಿ ಬಂದಾಗಿನಿಂದ ಕಡಿದಿರಲಿಲ್ಲ. ಇಟಗಿಯ ಒಂದು ಮದುವೆಯಲ್ಲಿ ಕೋಳಿಯೊಂದು ಹಾರಿಬಂದು ಅವನ ರುಮಾಲಿನ ಮೇಲೆ ಕೂತು, ಅಕ್ಷತೆಯ ಅಕ್ಕಿಕಾಳು ಬೀಳುವವರೆಗೂ ಅಲ್ಲೇ ಕಾಯ್ದು, ಬಿದ್ದ ಮೇಲೆಯೇ ಇಳಿಯಿತು. ಹೊಳಿಯಪ್ಪ ಕಣ್ಣು ಸಹ ಮೇಲೆತ್ತಲಿಲ್ಲ. ಅವನ ಬದುಕಿನಲ್ಲಿ ಹೆಮ್ಮೆ ಪಡುವಂಥದ್ದು ಇದೊಂದೇ ಇತ್ತು, ಅದನ್ನು ಅವನು ಚೆನ್ನಾಗಿಯೇ ಪಡುತ್ತಿದ್ದ.

ಮೇಳದಲ್ಲಿ ಊನವಿಲ್ಲದ ವಾದ್ಯ ಯಾವುದೂ ಇರಲಿಲ್ಲ. ಸನಾದಿಗೆ ಪಿಸುಮಾತು ಬರುವುದಿಲ್ಲ. ದುಃಖವಾದರೂ ಊರಿಗೆಲ್ಲ ಕೇಳುವಂತೆಯೇ ಅಳಬೇಕು. ದೊಡ್ಡಬಸಪ್ಪನೂ ಹಾಗೆಯೇ, ಗುಟ್ಟು ಹೇಳಿದರೆ ಮೂರನೇ ಓಣಿಗೆ ಕೇಳಿಸುತ್ತಿತ್ತು. ಮಾರೆಪ್ಪ ಬಾರಿಸುವ ಕರಡಿ ವಾದ್ಯ ಒಂದು ಮಗ್ಗುಲು ಬಡಿದರೆ ಇನ್ನೊಂದು ಮಗ್ಗುಲಲ್ಲಿ ನಿಜವಾದ ಕರಡಿಯ ಹಾಗೆ ಗುರುಗುಟ್ಟುತ್ತದೆ. ಆದರೆ ಹವೆ ತಂಪಾದರೆ ಅದರ ಚರ್ಮ ಸಡಿಲ. ಚರ್ಮ ಕಾಯಿಸಬೇಕೆಂದು ಮಾರೆಪ್ಪ ಎಲ್ಲ ಮದುವೆಗಳಲ್ಲೂ ಅಡಿಗೆ ಒಲೆಯ ಹತ್ತಿರವೇ ಠಿಕಾಣಿ ಹೂಡುತ್ತಿದ್ದ. ಸುಡು ಬೇಸಿಗೆಯಲ್ಲೂ ಅವನ ಕರಡಿಗೆ ಯಾಕೆ ಥಂಡಿಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಇನ್ನು ಪೀಪಿ ಊದುವವರ ಶತ್ರು ಹುಣಸೆಹಣ್ಣು. ಊದುವವರ ಎದುರಿಗೆ ನಿಂತು ಯಾರಾದರೂ ಹುಣಸೆಹಣ್ಣು ಚೀಪಿದರೆ ಸಾಕು, ಬಾಯಲ್ಲಿ ನೀರೂರಿ ಪೀಪಿ ನೆನೆದು, ಸ್ವರ ಬುಳುಬುಳು ಎನ್ನುತ್ತದೆ. ಕುಷ್ಟಗಿಯ ಹುಡುಗರು ಈ ವಿದ್ಯೆಯಲ್ಲಿ ನಿಪುಣರು. ಅಲ್ಲಿ ಊದುವಾಗ ಹೊಳಿಯಪ್ಪ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದ.

ಕಣ್ಣು ಮುಚ್ಚಿ ಕೂತವನಿಗೆ ಸುತಿ ಒಂದು ಸುಖ. ತೆಗೆದಿಟ್ಟರೆ ಫಜೀತಿ. ಒಂದೇ ದಿನಕ್ಕೆ ಗಂಗಾವತಿಯವರಿಗೂ ಯಲಬುರ್ಗಾದವರಿಗೂ ಬರುತ್ತೇವೆಂದು ಹೂಂ ಅಂದು, ದೊಡ್ಡಬಸಪ್ಪನ ಬಾಯಿಗೆ ಸಿಕ್ಕಿಬಿದ್ದ. ಓಣಿಯ ಒಂದು ಗೋಡೆ ಜಗಳದಲ್ಲಿ ಎರಡೂ ಕಡೆಯವರಿಗೆ ಸಾಕ್ಷಿ ಹೇಳುತ್ತೇನೆಂದು ಒಪ್ಪಿಕೊಂಡ. ಕೊನೆಗೆ ಮುದಕಮ್ಮನೇ ಅವನಿಗೆ ಒಂದು ಉಪಾಯ ಕಲಿಸಿಕೊಟ್ಟಳು.

"ನಿಮಗ ಊಹೂಂ ಅನ್ನಾಕ ನಾಲಿಗಿ ಹೊಳ್ಳಂಗಿಲ್ಲ ಅಂದ್ರ ಬ್ಯಾಡ. ಹೂಂ ಅಂದ ಮ್ಯಾಲ ಅದರ ಹಿಂದ ‘ನೋಡೂಣು’ ಅಂತ ಒಂದು ಬಾಲ ಹಚ್ರಿ."

ಅಂದಿನಿಂದ ಹೊಳಿಯಪ್ಪ ಬದುಕಿಕೊಂಡ. "ಹೂಂ" ಎಂದರೆ ಹೂಂ. "ಹೂಂ, ನೋಡೂಣು" ಎಂದರೆ ಊಹೂಂ. ಇದು ಭಾಗ್ಯನಗರಕ್ಕೆಲ್ಲ ಗೊತ್ತಾಯಿತು. ನೆಂಟರಿಗೂ ಗೊತ್ತಾಯಿತು. ಹಾಗೆ ಗೊತ್ತಿದ್ದ ನೆಂಟರಲ್ಲಿ ಒಬ್ಬ ಯಂಕೋಬ.

ಯಂಕೋಬ ಮುದಕಮ್ಮನ ತಮ್ಮ, ನವಲಿಯವನು. ಕಾಲುವೆ ನೀರು ಬಂದ ಮೇಲೆ ನೆಲ್ಲು ಬೆಳೆದು ಮೈ ತುಂಬಿಕೊಂಡಿದ್ದ. ಆ ಕಡೆ ಬಂದು ನೆಲೆಸಿದ್ದ ಆಂಧ್ರದ ರೈತರ ಜೊತೆ ಒಡನಾಡಿ, ಮಾತಿನ ಕೊನೆಗೆ "ಸರೇ" ಎಂದು ಸೇರಿಸುವುದನ್ನು ಕಲಿತಿದ್ದ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಹೆಗಲಿಗೆ ರೇಡಿಯೋ ನೇತುಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಇಸ್ಪೀಟಿಗೆ ಕೂತರೆ ಮಾತ್ರ ರೇಡಿಯೋ ಬಂದ್ ಮಾಡುತ್ತಿದ್ದ. ಅಕ್ಕನ ಮಗಳು ಹಂಪವ್ವನ ಮೇಲೆ ಸೋದರಮಾವನಾದ ತನಗೆ ಹಕ್ಕಿದೆ ಎಂಬುದು ಅವನ ವಾದ. ಹಂಪವ್ವನನ್ನು ಅವನು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಊರು ತೋರಿಸಿದವನು. ಈಗ ಅವಳು ಹತ್ತೊಂಬತ್ತರ ಹುಡುಗಿ. ತಾಜಬೀ ಎಂಬಾಕೆಯ ಮನೆಯಲ್ಲಿ ಹೊಲಿಗೆ ಕಲಿತು, ಓಣಿಯ ಹೆಂಗಸರ ಕುಪ್ಪಸಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಮಾವ ಎಂದು ಕರೆದು ಯಾರ ಬೆನ್ನ ಮೇಲೆ ಕುದುರೆ ಆಡಿದಳೋ ಅವನನ್ನು ಗಂಡ ಎನ್ನುವುದು ಅವಳಿಗೆ ಬಿಲ್‌ಕುಲ್ ಬೇಡವಾಗಿತ್ತು. ಮುದಕಮ್ಮನಿಗೂ ಬೇಡವಾಗಿತ್ತು. "ನನ್ನ ತಮ್ಮ ನನಗ ಗೊತ್ತಿಲ್ಲೇನು?" ಎನ್ನುತ್ತಿದ್ದಳು.

ಯಂಕೋಬ ಬಂದಾಗಲೆಲ್ಲ ಕೇಳುತ್ತಿದ್ದ. ಹೊಳಿಯಪ್ಪ ಪ್ರತಿ ಸಲವೂ "ಹೂಂ, ನೋಡೂಣು" ಎನ್ನುತ್ತಿದ್ದ. ಆ ನೋಡೂಣು ಎಂಬ ಬಾಲಕ್ಕೆ ಯಂಕೋಬ ಎಷ್ಟೋ ಸಲ ಎಡವಿ ಬಿದ್ದು ಎದ್ದು ಹೋಗಿದ್ದ. ಕೊನೆಗೆ ನವಲಿಯ ಇಸ್ಪೀಟು ಬುದ್ಧಿ ಕೆಲಸ ಮಾಡಿತು. ಬಾಲ ಕತ್ತರಿಸುವ ಜಾಗ ಯಾವುದು ಎಂದು ಅವನು ಕಂಡುಕೊಂಡ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಕುಷ್ಟಗಿಯಲ್ಲಿ ನೆಂಟರ ಪೈಕಿ ಒಂದು ಮದುವೆ. ದೊಡ್ಡಬಸಪ್ಪನದೇ ಮೇಳ. ಅರಿಷಿಣದ ಶಾಸ್ತ್ರ ನಡೆಯುತ್ತಿತ್ತು, ಹೊಳಿಯಪ್ಪ ಎಂದಿನಂತೆ ಕಣ್ಣು ಮುಚ್ಚಿ ಸುತಿ ಹಿಡಿದಿದ್ದ. ಯಂಕೋಬ ನೆಂಟರಲ್ಲಿ ಹಿರಿಯನಾದ ಲಕ್ಷ್ಮಣಪ್ಪನನ್ನು ಕೈಹಿಡಿದು ಕರೆತಂದು ಹೊಳಿಯಪ್ಪನ ಎದುರು ನಿಲ್ಲಿಸಿದ. ಸುತ್ತಲೂ ದೈವ ಸೇರಿತ್ತು. ಈ ಸೀಮೆಯಲ್ಲಿ ದೈವ ಎಂದರೆ ಗುಡಿಯಲ್ಲಿರುವುದಷ್ಟೇ ಅಲ್ಲ, ಕೂಡಿದ ಮಂದಿಯೂ ದೈವವೇ; ಅವರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅಷ್ಟು ಸುಲಭವಲ್ಲ.

"ಮಾವಾ," ಎಂದು ಯಂಕೋಬ ತನ್ನ ಭಾವನನ್ನು ಗಟ್ಟಿಯಾಗಿ ಕೂಗಿದ, "ದೈವದ ಮುಂದ ಕೇಳಾಕತ್ತೀನಿ. ಹಂಪವ್ವನ್ನ ನನಗ ಕೊಡ್ತೀಯಿಲ್ಲೋ?"

ಹೊಳಿಯಪ್ಪ ಕಣ್ಣು ಬಿಟ್ಟ. ಗಂಟಲಲ್ಲಿ ನೋಡೂಣು ಸಿದ್ಧವಾಗಿಯೇ ಇತ್ತು, ಆದರೆ ಬಾಯಲ್ಲಿ ಪೀಪಿ ಇತ್ತು. ಪೀಪಿ ತೆಗೆದರೆ ಸುತಿ ಕಡಿಯುತ್ತದೆ, ಅರಿಷಿಣದ ಮಣೆಯ ಮೇಲೆ ಯಾರದೋ ಮಕ್ಕಳು ಕೂತಿದ್ದಾರೆ. ಗಾಬರಿಗೆ ಎದೆಯ ಗಾಳಿ ಬೇರೆ ಬೇಗ ಮುಗಿಯಿತು. ಮೂಗಿನಿಂದ ಗಾಳಿ ಕದಿಯಲೇಬೇಕಾಯಿತು. ತಲೆ ಕೆಳಗೆ ಹೋಗಿ ಮೇಲೆ ಬಂತು. ಸುತಿ "ಹೂಂ..." ಎನ್ನುತ್ತಲೇ ಇತ್ತು.

"ಒಪ್ಪಿದ! ಗೋಣೂ ಹಾಕಿದ, ಹೂಂ ಅಂತನೂ ಅಂದ!" ಎಂದು ಯಂಕೋಬ ಎರಡೂ ಕೈ ಮೇಲೆತ್ತಿದ. ಅವನ ಅಂಗಿಯ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಮೊದಲೇ ಇತ್ತು. ಶಾಸ್ತ್ರ ಮುಗಿದು ಹೊಳಿಯಪ್ಪ ಪೀಪಿ ತೆಗೆಯುವಷ್ಟರಲ್ಲಿ ಅರ್ಧ ಕುಷ್ಟಗಿಯ ಬಾಯಿ ಸಿಹಿಯಾಗಿತ್ತು. "ನೋಡೂಣು" ಎಂದು ಅವನು ಹೇಳಿದ್ದು ಖರೆ, ಆದರೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಮನೆಯಲ್ಲಿ ಮುದಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಕೇಳಿದ ಮೇಲೆ ರೊಟ್ಟಿ ಬಡಿಯುವ ಸದ್ದು ಮಾರೆಪ್ಪನ ಕರಡಿಯನ್ನೂ ಮೀರಿಸಿತು.

"ಬಾಯಾಗಿಂದ ಅದನ್ನ ಕಿತ್ತು ಒಗದು, ಇಲ್ಲ ಅನ್ನಾಕ ಏನಾಗಿತ್ರಿ ನಿಮಗ?"

"ಸುತಿ ಕಡಿತಿತ್ತಲ್ಲಲೇ."

"ಕಡೀಲಿ! ಯಾರರ ಸಾಯ್ತಿದ್ರೇನು?"

"ಮಂದಿ ಮಕ್ಕಳ ಶಾಸ್ತ್ರ ಅದು, ಮುದಕಿ. ಹಂಗ ಮಾಡಾಕ ಬರ್ತೈತೇನು?"

ಹಂಪವ್ವ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತುಳಿಯುವುದನ್ನು ನಿಲ್ಲಿಸಿ ತಿರುಗಿ ನೋಡಿದಳು. "ಅಪ್ಪಾ, ಮಂದಿ ಮಕ್ಕಳ ಶಾಸ್ತ್ರ ಕಡೀಬಾರದು ಅಂತ ನನ್ನ ಕೊಟ್ಟು ಬಂದಿ ಹೌದಿಲ್ಲೋ? ನಾ ನಿನ್ನ ಸುತಿಗಿಂತ ಕಡಿಮಿ ಏನು?" ಎಂದಳು. ಕೂಗಲಿಲ್ಲ, ಅಳಲೂ ಇಲ್ಲ. ಹಾಗೆ ಕೇಳಿ ಮತ್ತೆ ತುಳಿಯತೊಡಗಿದಳು. ಮಗಳಿಗೆ ಅನ್ಯಾಯ ಮಾಡಿದೆ ಎಂದು ಹೊಳಿಯಪ್ಪನಿಗೆ ಗೊತ್ತಿತ್ತು.

ಮರುದಿನ ಅವನು ನವಲಿಗೆ ಹೊರಟ. ಯಂಕೋಬನ ಮುಖಕ್ಕೆ ಹೊಡೆದಂತೆ ಇಲ್ಲ ಅಂದುಬರುವುದೇ ಸೈ. ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು "ಇಲ್ಲ, ಇಲ್ಲ, ಇಲ್ಲ" ಎಂದು ಬಾಯಿಪಾಠ ಮಾಡತೊಡಗಿದ. ಕಂಡಕ್ಟರ್ ಬಂದು, "ಯಜಮಾನ್ರ, ಟಿಕೀಟ್ ತಗೊಂಡೀರಿ?" ಎಂದ. "ಇಲ್ಲ!" ಎಂದು ಹೊಳಿಯಪ್ಪ ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ತನ್ನ ಬಾಯಿಂದ ಬಂದ ಆ ಶಬ್ದಕ್ಕೆ ತಾನೇ ಹಿಗ್ಗಿ, ಕಂಡಕ್ಟರನ ಕಡೆ ನೋಡಿ ನಕ್ಕ. ಗಂಗಾವತಿ ದಾಟುವವರೆಗೂ ಕಂಡಕ್ಟರ್ ಅವನ ಮೇಲೆ ಒಂದು ಕಣ್ಣಿಟ್ಟಿದ್ದ.

ನವಲಿಯಲ್ಲಿ ಯಂಕೋಬ ಜಾಣತನ ಮಾಡಿದ. ಮಾತಿಗೆ ಮೊದಲು ತಾಟು ಇಟ್ಟ. ಬಿಸಿ ಅನ್ನ, ಸಾರು, ಮೇಲೆ ತುಪ್ಪ.

"ಅನ್ನ ಹಾಕಲಿ ಮಾವಾ?"

"ಹೂಂ."

"ತುಪ್ಪ?"

"ಹೂಂ."

"ಇನ್ನೊಂಚೂರು ಸಾರು?"

"ಹೂಂ."

"ಬರೂ ಬೇಸ್ತವಾರ ನಿಶ್ಚೇ ಮಾಡಾಕ ಬರ್ತೀವಿ. ನಿಮ್ಮ ಮನಿ ಮುಂದ ನಿಮ್ಮದ ಮೇಳ ಇರಲಿ. ಸುತಿ ನೀನ ಹಿಡೀಬೇಕು, ಬ್ಯಾರೆಯವರು ಬ್ಯಾಡ."

ಬಾಯಿ ತುಂಬ ಅನ್ನವಿತ್ತು. ನೋಡೂಣು ಎನ್ನಲು ಬಾಯಲ್ಲಿ ಜಾಗವೇ ಇರಲಿಲ್ಲ. ಹೂಂ ಎನ್ನಲು ಬಾಯಿ ತೆರೆಯುವುದೇ ಬೇಡವಲ್ಲ.

"ಸರೇ," ಎಂದ ಯಂಕೋಬ, ಇನ್ನೊಂದು ಚಮಚ ತುಪ್ಪ ಸುರಿಯುತ್ತಾ. ನಿಶ್ಚಯದ ದಿನವೂ ಭಾವನ ಬಾಯಲ್ಲಿ ಪೀಪಿ ಇರಲಿ, ಖಾಲಿ ಬಿಟ್ಟರೆ ಬಾಲ ಮೊಳೆಯುತ್ತದೆ ಎಂಬುದು ಅವನ ಲೆಕ್ಕಾಚಾರ.

ಇಲ್ಲ ಅಂದುಬರಲು ಹೋದವನು ದಿನ ಗೊತ್ತುಮಾಡಿಕೊಂಡು ಬಂದನೆಂದು ತಿಳಿದಾಗ ಮುದಕಮ್ಮನಿಗೆ ಸಿಟ್ಟಿನ ಮೇಲೆ ನಗು ಬಂತು. ನಗು ಬಂತಲ್ಲ ಎಂದು ಮತ್ತಷ್ಟು ಸಿಟ್ಟು ಬಂತು. "ಹೂಂ ಅಂದದ್ದು ಆ ಪೀಪಿ ತಾನ? ಹಂಗಾರ ಊಹೂಂ ಅನ್ನಾಕೂ ಅದಕ್ಕ ಕಲಸ್ರಿ! ಅಲ್ಲೀತನ ನನ್ನ ಕೂಡ ಮಾತಾಡಬ್ಯಾಡ್ರಿ" ಎಂದು ಕದ ಬಡಿದುಕೊಂಡು ಒಳಗೆ ಹೋದಳು.

ಅವಳು ಬೈಗುಳವೆಂದು ಆಡಿದ ಮಾತು ಹೊಳಿಯಪ್ಪನಿಗೆ ಅಪ್ಪಣೆಯಾಗಿ ಕೇಳಿಸಿತು. ಅವನು ಸುತಿ ಎತ್ತಿಕೊಂಡು ಹಿತ್ತಲಿಗೆ ನಡೆದ. ಒಂದೇ ಸ್ವರದ ಕೊಳವೆಯಲ್ಲಿ ಊಹೂಂ ಹುಡುಕುವುದು ಸಣ್ಣ ಕೆಲಸವಲ್ಲ. ತುಟಿ ಸಡಿಲ ಬಿಟ್ಟು ನೋಡಿದ. ಸ್ವರ ಸ್ವಲ್ಪ ಕೆಳಗೆ ಜಾರಿತು. ಬಿಗಿ ಹಿಡಿದ, ಮೇಲೆ ಬಂತು. ಆದರೆ ಜಾರುವುದಕ್ಕೂ ಏರುವುದಕ್ಕೂ ನಡುವೆ ಎಳೆ ಕಡಿಯದ ಕಾರಣ ಅದು ಮೇಕೆ ಅರಚಿದ ಹಾಗೆ ಕೇಳಿಸುತ್ತಿತ್ತು. ಪಕ್ಕದ ಹಿತ್ತಲಿನ ಮೇಕೆ ಮೊದಲ ದಿನ ಸುಮ್ಮನಿತ್ತು, ಎರಡನೇ ದಿನ ಉತ್ತರ ಕೊಡಲು ಶುರುಮಾಡಿತು.

ಹಂಪವ್ವ ಬಟ್ಟೆ ಒಣಹಾಕಲು ಬಂದವಳು ಅಪ್ಪನೂ ಮೇಕೆಯೂ ಮಾತಾಡುವುದನ್ನು ಕೇಳಿದಳು. ಕುಷ್ಟಗಿಯ ಸುದ್ದಿ ಬಂದ ಮೇಲೆ ಮೊದಲ ಸಲ ನಕ್ಕಳು. ತಡೆಯಲಾರದೆ ಹಗ್ಗ ಹಿಡಿದುಕೊಂಡು ನಕ್ಕಳು.

"ಅಪ್ಪಾ, ಹಂಗಲ್ಲ. ಮೊದಲ ಸಣ್ಣಗ ಊ ಅನ್ನು. ಆಮ್ಯಾಲ ನಿಲ್ಲಸು. ಆಮ್ಯಾಲ ಹೂಂ."

"ನಿಲ್ಲಸೂದಾ?" ಹೊಳಿಯಪ್ಪ ಬೆಚ್ಚಿದ.

"ಮತ್ತ? ನಿಲ್ಲಸದ ಊಹೂಂ ಹೆಂಗ ಬರ್ತೈತಿ?"

ಅವನು ಸುತಿಯನ್ನು ಕೆಳಗಿಟ್ಟ. ಮಗಳು ಹೇಳಿದ್ದು ಸರಿ. ಹೂಂ ಎನ್ನಲು ನಿಲ್ಲಿಸಬೇಕಾಗಿಲ್ಲ, ಅದು ತಾನೇ ಹರಿದುಕೊಂಡು ಹೋಗುತ್ತದೆ. ಊಹೂಂ ಎನ್ನಬೇಕಾದರೆ ಒಂದು ಕಡೆ ನಿಲ್ಲಲೇಬೇಕು. ಕೋಳಿ ತಲೆಯ ಮೇಲೆ ಕೂತಾಗಲೂ ನಿಲ್ಲಿಸದವನು, ಜನರೆದುರು, ಶಾಸ್ತ್ರದ ನಟ್ಟನಡುವೆ ನಿಲ್ಲಿಸುವುದೇ? ಮೇಳದವರ ಮುಖ ಮತ್ತೆ ಹೇಗೆ ನೋಡುವುದು? ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹಂಪವ್ವ ಉಳಿದ ಬಟ್ಟೆಗಳನ್ನು ಹಗ್ಗಕ್ಕೆ ಹಾಕಿ ಒಳಗೆ ಹೋದಳು.

ಬೇಸ್ತವಾರ ಬಂತು. ಮನೆಯ ಮುಂದೆ ಚಪ್ಪರ, ಚಪ್ಪರದ ಕೆಳಗೆ ಜಮಖಾನೆ. ಯಂಕೋಬ ಹೊಸ ಧೋತರ ಉಟ್ಟು, ಮೀಸೆಗೆ ಎಣ್ಣೆ ಹಚ್ಚಿ, ರೇಡಿಯೋವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂತಿದ್ದ. ಮಧ್ಯದಲ್ಲಿ ಹಿರಿಯ ಲಕ್ಷ್ಮಣಪ್ಪ, ಅವನ ಮುಂದೆ ಎಲೆ ಅಡಿಕೆಯ ತಾಟು. ಹೆಣ್ಣಿನ ತಂದೆ ಜಮಖಾನೆಯ ಮೇಲೆ ಕೂರಬೇಕು ಎಂದು ಯಾರೋ ಹೇಳಿದರು. "ಬ್ಯಾಡ್ರಿ, ಮಾವ ಸುತಿ ಹಿಡೀಲಿ. ಅವನಂಗ ಹಿಡಿಯವರು ಈ ಸೀಮ್ಯಾಗ ಯಾರದಾರ?" ಎಂದ ಯಂಕೋಬ. ಹೊಗಳಿಕೆಯ ಒಳಗೆ ಬೀಗ ಇಟ್ಟಿದ್ದ.

ದೊಡ್ಡಬಸಪ್ಪ ಸನಾದಿ ಎತ್ತಿದ. ಮಾರೆಪ್ಪ ಅಡಿಗೆಮನೆಯಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದು ಕರಡಿಗೆ ಹೆಗಲು ಕೊಟ್ಟ. ಹೊಳಿಯಪ್ಪ ಸುತಿ ಹಿಡಿದ. "ಹೂಂ..." ಎಂದು ಅದು ಚಪ್ಪರವನ್ನೆಲ್ಲ ತುಂಬಿಕೊಂಡಿತು.

ಲಕ್ಷ್ಮಣಪ್ಪ ಗಂಟಲು ಸರಿಮಾಡಿಕೊಂಡ. "ಹೊಳಿಯಪ್ಪಾ, ದೈವದ ಮುಂದ ಮತ್ತೊಮ್ಮೆ ಕೇಳ್ತೀನಿ. ನಿನ್ನ ಮಗಳು ಹಂಪವ್ವನ್ನ ನವಲಿ ಯಂಕೋಬಗ ಕೊಡಾಕ ಒಪ್ಪಿಗಿ ಐತಿಲ್ಲೋ?"

ಸುತಿ ಹೂಂ ಎನ್ನುತ್ತಿತ್ತು. ಯಂಕೋಬನ ಕೈ ಸಕ್ಕರೆ ಪೊಟ್ಟಣದ ಕಡೆ ಸರಿಯಿತು. ಹೊಳಿಯಪ್ಪ ಬಾಗಿಲ ಕಡೆ ನೋಡಿದ. ಹೊಸಿಲ ಒಳಗೆ ಹಂಪವ್ವ ನಿಂತಿದ್ದಳು. ಹಸಿರು ಸೀರೆ ಉಟ್ಟಿದ್ದಳು, ಮುಖದಲ್ಲಿ ನಗುವಿರಲಿಲ್ಲ. ಅವಳ ಕೈಯಲ್ಲಿ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ಉಂಡೆ ಇತ್ತು. ಅದನ್ನು ತುಟಿಯ ಹತ್ತಿರಕ್ಕೆ ತಂದು, ತಿನ್ನದೆ, ಅವನನ್ನೇ ನೋಡುತ್ತಾ ಕಾಯುತ್ತಿದ್ದಳು.

ಹೊಳಿಯಪ್ಪನಿಗೆ ಎಲ್ಲ ಅರ್ಥವಾಯಿತು. ಅಪ್ಪ ನಿಲ್ಲಿಸದಿದ್ದರೆ ಮಗಳು ನಿಲ್ಲಿಸುತ್ತಾಳೆ. ಆದರೆ ಮಗಳೇ ನಿಲ್ಲಿಸಬೇಕಾಗಿ ಬಂದರೆ ಅವನು ಅಪ್ಪನಾಗಿ ಅಲ್ಲಿ ಕೂತದ್ದಕ್ಕೆ ಏನು ಅರ್ಥ? ಎದೆಯ ಗಾಳಿ ಮುಗಿಯುತ್ತಾ ಬಂದಿತ್ತು. ಮೂಗು ಗಾಳಿ ಕದಿಯಲು ಸಿದ್ಧವಾಯಿತು, ತಲೆ ಬಗ್ಗಲು ಸ್ವಲ್ಪ ಅಲುಗಿತು. ಅವನು ಕುತ್ತಿಗೆ ಬಿಗಿಹಿಡಿದು ತಲೆಯನ್ನು ನೆಟ್ಟಗೆ ನಿಲ್ಲಿಸಿದ. ಗಾಳಿ ಕದಿಯಲಿಲ್ಲ.

ಸುತಿ ಕಡಿಯಿತು.

ಸನಾದಿ ಎರಡು ಹೆಜ್ಜೆ ಒಬ್ಬಂಟಿಯಾಗಿ ಹೋಗಿ, ದಾರಿ ತಪ್ಪಿ ನಿಂತುಬಿಟ್ಟಿತು. ಮಾರೆಪ್ಪನ ಕೋಲು ಮೇಲೆ ಎತ್ತಿದ್ದು ಮೇಲೆಯೇ ಉಳಿಯಿತು. ಚಪ್ಪರದ ತುಂಬ ಮೌನ. ಆ ಮೌನದಲ್ಲಿ ಹೊಳಿಯಪ್ಪ ಎದೆ ತುಂಬ ಉಸಿರೆಳೆದುಕೊಂಡು, ತುಟಿ ಸಡಿಲಿಸಿ ಸಣ್ಣಗೆ "ಊ" ಎಂದು ಊದಿದ. ನಿಲ್ಲಿಸಿದ. ಆಮೇಲೆ ತುಟಿ ಬಿಗಿಹಿಡಿದು "ಹೂಂ" ಎಂದು ಊದಿದ.

ಊಹೂಂ.

ಮೊದಲು ನಕ್ಕವಳು ಒಲೆಯ ಹತ್ತಿರ ನಿಂತಿದ್ದ ತಾಜಬೀ. ಲಕ್ಷ್ಮಣಪ್ಪ ಕಿವಿಯ ಮೇಲಿನ ರುಮಾಲು ಸರಿಸಿ, "ಏನಂದಿ?" ಎಂದ. "ಊಹೂಂ" ಎಂದಿತು ಸುತಿ ಇನ್ನೊಮ್ಮೆ, ಈ ಸಲ ಎಷ್ಟು ಸ್ಪಷ್ಟವಾಗಿ ಎಂದರೆ ತೊಟ್ಟಿಲ ಕೂಸಿಗೂ ತಿಳಿಯುವಂತೆ. ದೊಡ್ಡಬಸಪ್ಪನಿಗೆ ಆಗ ಏನು ಹುಚ್ಚು ಹಿಡಿಯಿತೋ, ಸನಾದಿ ಎತ್ತಿ ಅದೇ ಊಹೂಂ ಅನ್ನು ಮೇಲಿನ ಸ್ವರದಲ್ಲಿ ನುಡಿಸಿದ; ಪಿಸುಮಾತು ಬಾರದ ಸನಾದಿ ಅದನ್ನು ಮೂರನೇ ಓಣಿಗೆ ಮುಟ್ಟಿಸಿತು. ಮಾರೆಪ್ಪ ಕರಡಿಯ ಎಡ ಮಗ್ಗುಲನ್ನು ಉಜ್ಜಿ ಗುರ್ ಎನ್ನಿಸಿದ. ಜಮಖಾನೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಪಕ್ಕದ ಹಿತ್ತಲಿನ ಮೇಕೆಯೂ ತನ್ನ ಪಾಲಿನದನ್ನು ಹೇಳಿತು.

ಯಂಕೋಬ ಎದ್ದು ನಿಂತ. "ಇದೆಲ್ಲ ನಡಿಯಂಗಿಲ್ರಿ! ಊಹೂಂ ಅಂದದ್ದು ಪೀಪಿ, ಮಾವ ಅಂದಿಲ್ಲ!"

ಲಕ್ಷ್ಮಣಪ್ಪ ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದ. "ಕುಷ್ಟಗ್ಯಾಗ ಹೂಂ ಅಂದದ್ದೂ ಇದ ಪೀಪಿನ ಅಲ್ಲೇನೋ ತಮ್ಮಾ? ಅವತ್ತು ಪೀಪಿ ಮಾತು ಮಾತಾದ್ರ ಇವತ್ತೂ ಆಗಬೇಕು. ಮ್ಯಾಲಾಗಿ ಸುತಿ ಬ್ಯಾರೆ ಕಡೀತು. ಕೂಡ್ರು, ಉಂಡು ಹೋಗೀಯಂತ."

ಯಂಕೋಬನ ಬಾಯಿಂದ ಬಂದದ್ದು "ಸರೇ" ಒಂದೇ. ಸಿಟ್ಟು ಮಾಡಿಕೊಂಡು ಹೊರಟವನನ್ನು ಮುದಕಮ್ಮ ರಟ್ಟೆ ಹಿಡಿದು ಎಳೆದು ತಂದು ಊಟಕ್ಕೆ ಕೂರಿಸಿದಳು. ಒಳ್ಳೆಯ ಊಟವಿತ್ತು, ಅವನೂ ಒಳ್ಳೆಯ ಊಟಗಾರ. ಹೋಳಿಗೆಯ ಹೊತ್ತಿಗೆ ರೇಡಿಯೋ ಹಾಕಿದ.

ಅಂದು ಸಂಜೆ ಹೊಳಿಯಪ್ಪ ಮಗಳನ್ನು ಕೇಳಿದ, "ಅಲ್ಲವಾ, ಹುಣಸಿಹಣ್ಣು ಖರೇನ ತಿಂತಿದ್ದೇನು?"

"ಹೂಂ ಮತ್ತ," ಎಂದಳು ಹಂಪವ್ವ. "ಆದ್ರ ತಿನ್ನೂ ಪ್ರಸಂಗ ಬರಬಾರದು ಅಂತ ಭಾಳ ಆಸೆ ಇತ್ತಪಾ."

ಅವನು ಬೇರೆ ಕಡೆ ಮುಖ ತಿರುಗಿಸಿಕೊಂಡು ಪೀಪಿ ಒರೆಸತೊಡಗಿದ. ಕಣ್ಣು ಒದ್ದೆಯಾಗಿತ್ತು, ಅದನ್ನು ಮಗಳು ನೋಡಿದಳು.

ಇಷ್ಟಾದ ಮೇಲೆ ಹೊಳಿಯಪ್ಪ ಎಲ್ಲರಿಗೂ ಊಹೂಂ ಎನ್ನಲು ಕಲಿತ ಎಂದುಕೊಂಡರೆ ಅದು ತಪ್ಪು. ಮರುವಾರವೇ ಒಂದೇ ದಿನಕ್ಕೆ ಎರಡು ಊರಿಗೆ ಹೂಂ ಅಂದು ಬಂದ. ಆದರೆ ಮದುವೆಗಳಲ್ಲಿ ಶಾಸ್ತ್ರವೆಲ್ಲ ಮುಗಿದ ಮೇಲೆ ಜನ, "ಹೊಳಿಯಪ್ಪಣ್ಣಾ, ಒಂದು ಊಹೂಂ ಬಾರಸು" ಎಂದು ಗಂಟುಬೀಳುತ್ತಿದ್ದರು. ಬಾರಿಸುತ್ತಿದ್ದ. ಕೇಳಿದವರಿಗೆ ಇಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲವಲ್ಲ.

ಎಂಬತ್ತೊಂದರಲ್ಲಿ ಅದೇ ಅಂಗಳದಲ್ಲಿ ಮತ್ತೆ ಚಪ್ಪರ ಬಿತ್ತು. ಯಲಬುರ್ಗಾದ ಪಂಪಣ್ಣ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ತಾಜಬೀ ಮನೆಯ ಯಂತ್ರ ಕೆಟ್ಟಾಗ ಬರುತ್ತಿದ್ದ, ಆಮೇಲಾಮೇಲೆ ಕೆಡದಿದ್ದರೂ ಬರುತ್ತಿದ್ದ. ಚೆನ್ನಾಗಿ ಓಡುವ ಯಂತ್ರಕ್ಕೆ ಇಷ್ಟು ಎಣ್ಣೆ ಯಾಕೆ ಬೇಕು ಎಂದು ತಾಜಬೀ ಮುದಕಮ್ಮನ ಕಿವಿಯಲ್ಲಿ ಹೇಳಿದ ಮೇಲೆ ಮಾತು ಮುಂದುವರಿಯಿತು. ನಿಶ್ಚಯದ ದಿನ ಸುತಿ ಯಾರು ಹಿಡಿಯಬೇಕೆಂಬ ಪ್ರಶ್ನೆ ಬಂತು. "ಅಪ್ಪನ ಹಿಡೀಬೇಕು" ಎಂದಳು ಹಂಪವ್ವ.

ಎಲೆ ಅಡಿಕೆಯ ತಾಟಿನ ಮುಂದೆ ಲಕ್ಷ್ಮಣಪ್ಪನೇ ಕೂತಿದ್ದ, ಎರಡು ಹಲ್ಲು ಕಡಿಮೆಯಾಗಿದ್ದವು. ಸುತಿ ಹೂಂ ಎನ್ನುತ್ತಿತ್ತು, ಅದರ ಮೇಲೆ ಸನಾದಿ ಅಡ್ಡಾಡುತ್ತಿತ್ತು. ಹೊಳಿಯಪ್ಪನ ಕಡೆ ಒಮ್ಮೆ ನೋಡಿ, "ಈ ಸಲ ಪೀಪಿಗೆ ಕೇಳಂಗಿಲ್ಲಪಾ, ಒಮ್ಮೆ ಕೇಳಿ ಸಾಕಾಗೈತಿ. ಹುಡುಗಿಗೇ ಕೇಳ್ತೀನಿ" ಎಂದು ಬಾಗಿಲ ಕಡೆ ತಿರುಗಿದ. "ಏನವಾ ಹಂಪವ್ವ, ಪಂಪಣ್ಣಗ ಕೊಡಾಕ ನಿನ್ನ ಒಪ್ಪಿಗಿ ಐತಿಲ್ಲೋ?"

ಹಂಪವ್ವ ತಲೆ ತಗ್ಗಿಸಿದಳು. "ಹೂಂ," ಎಂದಳು. ತುಸು ತಡೆದು, "ನೋಡೂಣು" ಎಂದಳು.

ಪಂಪಣ್ಣನ ಮುಖ ಬಿಳಿಚಿಕೊಂಡಿತು. ಮುದಕಮ್ಮ ಎದೆ ಹಿಡಿದುಕೊಂಡಳು. ಹೊಳಿಯಪ್ಪ ಮಾತ್ರ ಮಗಳ ತುಟಿಯ ಅಂಚನ್ನು ನೋಡಿಬಿಟ್ಟ. ಅಲ್ಲಿ ನಗು ಅವಿತುಕೊಂಡಿತ್ತು. ಅವನ ಕೆನ್ನೆಯಲ್ಲಿ ಬಚ್ಚಿಟ್ಟ ಗಾಳಿಯೆಲ್ಲ ಒಂದೇ ಸಲಕ್ಕೆ ನಗುವಾಗಿ ಹೊರಬಿತ್ತು. ಪೀಪಿ ಬಾಯಿಂದ ಜಾರಿತು. ಸುತಿ ಕಡಿಯಿತು.

ಚಪ್ಪರದಲ್ಲಿದ್ದವರು ಹಾ ಎಂದರು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಳಿಯಪ್ಪ ನಗುತ್ತಲೇ ಗಾಬರಿಯಾಗಿ ಪೀಪಿಗಾಗಿ ತಡಕಾಡುತ್ತಿದ್ದ, ಕೈಗೆ ಸಿಗಲಿಲ್ಲ. ದೊಡ್ಡಬಸಪ್ಪನ ಸನಾದಿ ಮನೆ ಕಾಣದೆ ತಡವರಿಸಿತು.

ಆಗ ಬಾಗಿಲಿಂದ "ಹೂಂ..." ಎಂದು ಕೇಳಿಸಿತು. ಹಂಪವ್ವ ಈ ಸಲ ಬಾಲ ಹಚ್ಚಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸ್ವರ ಅದು, ಅಪ್ಪ ಬಿಟ್ಟ ಜಾಗಕ್ಕೆ ಸರಿಯಾಗಿ ಕೂತಿತು. ಅವಳು ಕಣ್ಣು ಮುಚ್ಚಿಕೊಂಡು ಅದನ್ನು ಎಳೆಯುತ್ತಲೇ ಹೋದಳು. ದೊಡ್ಡಬಸಪ್ಪ ಆ ಹೂಂ ಹಿಡಿದುಕೊಂಡೇ ಸನಾದಿಯನ್ನು ಮುಂದಕ್ಕೆ ನಡೆಸಿದ. ಹೊಳಿಯಪ್ಪನಿಗೆ ಪೀಪಿ ಸಿಕ್ಕಿತು, ಆದರೆ ಅವನು ಅದನ್ನು ತಕ್ಷಣ ಬಾಯಿಗಿಡಲಿಲ್ಲ. ಮಗಳ ಉಸಿರು ಮುಗಿಯುವವರೆಗೂ ಕೇಳುತ್ತಾ ಕೂತಿದ್ದು, ಮುಗಿಯುವ ಹೊತ್ತಿಗೆ ಸರಿಯಾಗಿ ಸುತಿ ಹಿಡಿದ.